ಭಂತೆ ಅಜ್ಜನ ಕೋಳಿ

ಬಗಲಲ್ಲಿ ಕಾಲು ಕಟ್ಟಿದ ಹುಂಜ, ಸೊಂಟದಲ್ಲಿ ಕತ್ತಿ. ಗಂಗಿ ಹಿರೇಗುತ್ತಿ ಗುಡ್ಡದ ಬುದ್ಧವಿಹಾರದ ಮೆಟ್ಟಿಲು ಹತ್ತಿ ಬಂದ ಠೀವಿ ಕಂಡು, ವಿಹಾರ ನೋಡಿಕೊಳ್ಳುವ ದೇವರಾಜ ಗುಡಿಸುವುದನ್ನು ಬಿಟ್ಟು ಬಾಗಿಲಿಗೆ ಅಡ್ಡ ನಿಂತ.

"ಗಂಗಕ್ಕಾ, ಇದೆಂತ?"

"ಕಾಣೂದಿಲ್ವನಾ? ಭಂತೆ ಅಜ್ಜನ ಹರಕೆ. ನಮ್ಮ ದಿವಾಕರನ ಬೋಟು ಗಾಳಿಗೆ ಸಿಕ್ಕಿದಾಗ ಹೇಳ್ಕೊಂಡಿದ್ದೆ. ಮಗ ಬಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೆಂತಕೆ ಅನ್ನೂವವಳಲ್ಲ ನಾನು."

ಭಂತೆ ಅಜ್ಜ ಇದೇ ಊರಿನವರು. ಬುದ್ಧನ ಭಿಕ್ಷುವಾಗಿ ಊರಿಗೇ ಮರಳಿ, ಈ ಗುಡ್ಡದ ಮೇಲೆ ಬಾಳಿ, ಇಲ್ಲೇ ತೀರಿಕೊಂಡವರು. ಒಳಗೆ ಬುದ್ಧನ ಪಕ್ಕದಲ್ಲಿ ಈಗ ಅವರದೂ ಒಂದು ಮೂರ್ತಿ, ಅದರ ಕಾಲಬುಡದಲ್ಲಿ ಅವರ ಭಿಕ್ಷಾಪಾತ್ರೆ. ಬಂದವರು ಅದಕ್ಕೊಂದು ಹಿಡಿ ಅಕ್ಕಿ ಹಾಕಿ ಕೈಮುಗಿಯುತ್ತಾರೆ. ಕೋಳಿ ತಂದವರು ಮಾತ್ರ ಇದುವರೆಗೆ ಯಾರೂ ಇರಲಿಲ್ಲ.

"ಇಲ್ಲಿ ಜೀವ ತೆಗಿಯೂದಿಲ್ಲ ಗಂಗಕ್ಕ. ಅವರು ಸನ್ಯಾಸಿ."

"ನನ್ನ ಮನೆ ಬಂಗಡೆ ಸಾರು ಉಂಡ ಸನ್ಯಾಸಿ. ಮೂರ್ತಿ ಆದ ಮೇಲೆ ಮೀನು ಬಿಟ್ರನಾ?"

"ಉಂಡದ್ದು ಹೌದು. ಉಣ್ಣೂಕೆ ಮುಂಚೆ ಎಂತ ಕೇಳ್ತಿದ್ರು, ನೀನೇ ಹೇಳು."

ಗಂಗಿ ಹುಂಜವನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ದಿನಾ ಭಿಕ್ಷೆಗೆ ಬಂದು ಅವಳ ಅಂಗಳದಲ್ಲಿ ನಿಂತು ಅಜ್ಜ ಕೇಳುತ್ತಿದ್ದದ್ದು ಒಂದೇ ಮಾತು: "ನಿಮ್ಮನೆಗೆ ಮಾಡಿದ್ದೇ ಅಲ್ದನೆ ಗಂಗಿ? ನನಗೆ ಅಂತ ಮಾಡಿದ್ದಲ್ಲವಲ್ಲ?" ಒಮ್ಮೆ ಅವಳು ಅವರಿಗೆಂದೇ ಕೋಳಿ ಕೊಯ್ದು ಸಾರು ಮಾಡಿದ್ದಳು. ಅಜ್ಜ ಪಾತ್ರೆಗೆ ಅಂಗೈ ಮುಚ್ಚಿ, ನನಗೆ ಅಂತ ಕೊಂದದ್ದು ಬೇಡ, ಬರೀ ಗಂಜಿ ಸಾಕು ಎಂದಿದ್ದರು. ಅವಳಿಗೆ ಅಂದು ಅಳುವೇ ಬಂದಿತ್ತು.

ಆದರೆ ದಿವಾಕರ ನಾಳೆ ಮತ್ತೆ ಭಟ್ಕಳ ಬಂದರಿಗೆ ಹೊರಟಿದ್ದ. ಹರಕೆ ತೀರಿಸದೆ ಮಗನನ್ನು ಕಡಲಿಗೆ ಕಳಿಸುವ ಧೈರ್ಯ ಅವಳಿಗಿಲ್ಲ.

"ಮನೆಗೆ ತಗಂಡು ಹೋಗು," ಎಂದ ದೇವರಾಜ ಮೆತ್ತಗೆ.

"ಹೇಳ್ಕೊಂಡ ಕೋಳಿ ತಿರುಗಿ ಹೊಸ್ತಿಲು ದಾಟೂದಿಲ್ಲ ತಮಾ." ಗಂಗಿ ಹುಂಜದ ಮುಖ ನೋಡಿದಳು, ಒಳಗಿನ ಮೂರ್ತಿಯ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು. "ಆತು. ನಾನು ಕೊಡ್ತೆ ಅಂದದ್ದು. ಕೊಯ್ತೆ ಅನ್ಲಿಲ್ಲ."

ಕತ್ತಿ ಹೊರಬಂತು. ದೇವರಾಜ ಕೈ ಚಾಚುವಷ್ಟರಲ್ಲಿ ಹುಂಜದ ಕಾಲಿನ ಹಗ್ಗ ತುಂಡಾಗಿತ್ತು. ಹುಂಜ ಮೈ ಕೊಡವಿ, ಯಾರನ್ನೂ ಕೇಳದೆ ಒಳಗೆ ನಡೆದು, ಭಂತೆ ಅಜ್ಜನ ಪಾತ್ರೆಯಲ್ಲಿದ್ದ ಅಕ್ಕಿಯನ್ನು ಹೆಕ್ಕತೊಡಗಿತು.