ಮೂರನೆಯ ಸಂಪುಟ

ಅವಳು ಪರದೆಯತ್ತ ನೋಡುತ್ತಿರಲಿಲ್ಲ. ಕಾದಂಬರಿಕಾರರ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು.

ಬೆಳಗಿನ ಹನ್ನೊಂದರ ಖಾಸಗಿ ಪ್ರದರ್ಶನ. ಇಪ್ಪತ್ತು ಕುರ್ಚಿಗಳ ಚಿಕ್ಕ ಚಿತ್ರಮಂದಿರದಲ್ಲಿ ತುಂಬಿದ್ದವು ಐದೇ. ಮುಂದಿನ ಸಾಲಿನಲ್ಲಿ ಕಾದಂಬರಿಕಾರರು, ಎಡಕ್ಕೆ ಅವರ ಮಗಳು, ಬಲಕ್ಕೆ ನಿರ್ದೇಶಕ, ಅವನ ಪಕ್ಕ ನಿರ್ಮಾಪಕ. ಹಿಂದಿನ ಸಾಲಿನಲ್ಲಿ ಅವಳೊಬ್ಬಳೇ. ಒಪ್ಪಂದದ ಪ್ರಕಾರ ಚಿತ್ರ ನೋಡಿ ಕಾದಂಬರಿಕಾರರು ರುಜು ಹಾಕಿದರೆ ಮಾತ್ರ ಬಿಡುಗಡೆ. ಹಿಂದೊಮ್ಮೆ ಅವರ ಕಥೆಯೊಂದರ ಕೊನೆಯನ್ನು ತಿದ್ದಿದವರ ಚಿತ್ರ ಹದಿನಾಲ್ಕು ವರ್ಷಗಳಿಂದ ಡಬ್ಬಿಯಲ್ಲೇ ಕೊಳೆಯುತ್ತಿತ್ತು.

ಈ ಚಿತ್ರದ ಕೊನೆಯೂ ಬದಲಾಗಿತ್ತು. ಬದಲಿಸಿದವಳು ಅವಳೇ. ಅದು ಮುಂದೆ ಕೂತ ನಿರ್ದೇಶಕನಿಗೂ ಗೊತ್ತಿರಲಿಲ್ಲ.

ಕಂಪನಿಯ ಕಥಾ ವಿಭಾಗದಲ್ಲಿ ದಪ್ಪ ಪುಸ್ತಕಗಳನ್ನು ಓದಿ ಇಪ್ಪತ್ತು ಪುಟಕ್ಕೆ ಬಟ್ಟಿ ಇಳಿಸುವುದು ಅವಳ ಕೆಲಸ. ಜೊತೆಯವರು ‘ಬಟ್ಟಿ ಮೇಡಂ’ ಎಂದು ಕರೆಯುತ್ತಿದ್ದರು. ಚಿತ್ರಕಥೆ ಬರೆಯುವವರು, ನಿರ್ದೇಶಕರು ಓದುವುದು ಆ ಇಪ್ಪತ್ತು ಪುಟವನ್ನೇ. ಪುಸ್ತಕ ಅವರ ಮೇಜಿನ ಮೇಲಿರುತ್ತದೆ, ಫೋಟೋಕ್ಕೆ. ಈ ಸಲ ಬಂದದ್ದು ಮೂರು ಸಂಪುಟ, ಎರಡು ಸಾವಿರದ ನೂರು ಪುಟ. ನಾಲ್ಕು ಸಾವಿರ ಜನರನ್ನು ಹೊತ್ತು ಮುನ್ನೂರು ವರ್ಷ ಬಾಹ್ಯಾಕಾಶದಲ್ಲಿ ಸಾಗುವ ಹಡಗಿನ ಕಥೆ. ಗಡುವು ಹನ್ನೊಂದು ದಿನ. ಒಂಬತ್ತು ದಿನಗಳಲ್ಲಿ ಎರಡು ಸಂಪುಟ ಮುಗಿಸಿದ್ದಳು. ಹತ್ತನೆಯ ದಿನ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು.

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಓದಿದ್ದು ಮೂರನೆಯದರ ಬೆನ್ನುಡಿಯನ್ನಷ್ಟೇ. ‘ಹಡಗು ನೆಲ ಮುಟ್ಟಬೇಕಾದರೆ ಒಬ್ಬರು ಹಿಂದುಳಿಯಲೇಬೇಕು’ ಎಂದಿತ್ತು. ಯಾರು ಎಂದಿರಲಿಲ್ಲ. ಇನ್ಯಾರು, ನಾಯಕನೇ ಎಂದುಕೊಂಡಳು. ನಾಲ್ಕು ಪುಟ ಊಹಿಸಿ ಬರೆದು ಕೊಟ್ಟುಬಿಟ್ಟಳು.

ಚಿತ್ರೀಕರಣ ಅರ್ಧ ಮುಗಿದ ಮೇಲೆ ಬಸ್ಸಿನಲ್ಲಿ ಕೂತು ಆ ಸಂಪುಟ ಓದಿದಾಗ ತಪ್ಪು ಗೊತ್ತಾಯಿತು. ಹಿಂದುಳಿಯುವುದು ಹಡಗಿನ ನೀರು ಕಾಯುವ ಹೆಂಗಸು. ಮೊದಲೆರಡು ಸಂಪುಟಗಳಲ್ಲಿ ಮೂಲೆಯಲ್ಲೆಲ್ಲೋ ಬಂದುಹೋಗುವವಳು. ಮೂರನೆಯದು ಪೂರ್ತಿ ಆ ಹೆಂಗಸಿನದೇ. ಕೊನೆಗೆ ನಾಲ್ಕು ಸಾವಿರ ಜನ ಹೊಸ ನೆಲಕ್ಕಿಳಿದು ನಡೆಯುತ್ತಾರೆ. ಒಬ್ಬರೂ ತಿರುಗಿ ನೋಡುವುದಿಲ್ಲ.

ಸಿನಿಮಾದಲ್ಲಿ ಆ ಹೆಂಗಸೇ ಇರಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅವಳು ಬಾಯಿ ಬಿಡಲಿಲ್ಲ.

ಮೊದಲರ್ಧದಲ್ಲಿ ಕಾದಂಬರಿಕಾರರು ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ.

“ನನ್ನ ನಾಯಕನಿಗೆ ಎರಡು ಬೆರಳಿಲ್ಲ. ಇವನಿಗೆ ಹತ್ತೂ ಇವೆಯಲ್ಲಯ್ಯ.”

“ಕೈಗವಸು ಹಾಕ್ಸಿದೀವಿ ಸರ್,” ಎಂದ ನಿರ್ದೇಶಕ.

“ಹಡಗಿಗೆ ಹನ್ನೊಂದು ಅಂತಸ್ತು ಕಟ್ಟಿದ್ದೆ. ಮೂರೇ ಕಾಣ್ತಿದೆ. ಉಳಿದದ್ದು ಬಾಡಿಗೆಗೆ ಕೊಟ್ರಾ?”

ನಿರ್ಮಾಪಕ ಕೆಮ್ಮಿದ. ಮಗಳು ನಕ್ಕಳು. “ಹೋಗ್ಲಿ ಬಿಡಿ ಅಪ್ಪ. ಸಿನಿಮಾ ಅಲ್ವಾ.”

ಎರಡನೆಯ ಸಂಪುಟ ಬಂದ ಮೇಲೆ ಕಾದಂಬರಿಕಾರರು ಎರಡು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಈ ಮಗಳೇ. ಆದರೂ ಮೂರನೆಯದು ಹೇಳಿದ ಸಮಯಕ್ಕೆ ಬಂದಿತ್ತು. ಮಲಗಿದಲ್ಲಿಂದಲೇ ಹೇಳಿ ಬರೆಸಿದ ಛಲ ಎಂದು ಪತ್ರಿಕೆಗಳು ಕೊಂಡಾಡಿದ್ದವು.

ಎರಡು ಬೆರಳಿಗೆ ಇಷ್ಟು ರೇಗುವ ಮನುಷ್ಯ ಒಂದಿಡೀ ಹೆಂಗಸು ಕಾಣೆಯಾದದ್ದನ್ನು ಸುಮ್ಮನೆ ಬಿಡುತ್ತಾರೆಯೇ?

ವಿರಾಮದಲ್ಲಿ ಕಾಫಿ ಬಂತು.

“ಇನ್ನು ಮೂರನೆಯದಾ?” ಕಾದಂಬರಿಕಾರರು ಕೇಳಿದರು.

“ಹೌದು ಸರ್.”

“ಸರಿ. ಏನಾಗುತ್ತೆ ನೋಡೋಣ.”

“ನಾನು ಬಂದಿದ್ದೇ ಇದಕ್ಕೆ,” ಎಂದಳು ಮಗಳು.

ಮತ್ತೆ ಕತ್ತಲಾಯಿತು. ಕಾದಂಬರಿಕಾರರು ಒಮ್ಮೆಯೂ ಗೊಣಗಲಿಲ್ಲ. ಬೈಗುಳಕ್ಕಿಂತ ಆ ಮೌನವೇ ಅವಳನ್ನು ಹೆಚ್ಚು ಹೆದರಿಸಿತು. ಅಷ್ಟು ಹೊತ್ತು ನಗುತ್ತಿದ್ದ ಮಗಳು ಕುರ್ಚಿಯ ಅಂಚಿಗೆ ಸರಿದು ಕೂತಿದ್ದಳು, ಯಾರನ್ನೋ ಹುಡುಕುವವಳ ಹಾಗೆ. ಪರದೆಯ ಮೇಲೆ ನಾಯಕ ಹಡಗಿನ ಬಾಗಿಲು ಮುಚ್ಚಿಕೊಂಡು ಒಳಗೇ ಉಳಿದ. ನಾಲ್ಕು ಸಾವಿರ ಜನ ಮೊಣಕಾಲೂರಿ ಅತ್ತರು. ಮಗಳು ಎದ್ದು ಹೊರಟೇಹೋದಳು. ಅಪ್ಪನ ಸಿಟ್ಟು ನೆತ್ತಿಗೇರುವ ಮೊದಲು ಗುಳಿಗೆ ತರಲು ಹೋಗಿರಬೇಕು, ಎಂದುಕೊಂಡಳು ಅವಳು.

ದೀಪ ಹತ್ತಿತು. ಕಾದಂಬರಿಕಾರರು ನಿಧಾನವಾಗಿ ಎದ್ದು ನಿರ್ದೇಶಕನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

“ಮೊದಲರ್ಧ ಹಾಳು ಮಾಡಿದ್ದೀಯ. ಆದ್ರೆ ಕೊನೆ ಇದೆಯಲ್ಲ, ಅಕ್ಷರ ಅಕ್ಷರ ನನ್ನ ಪುಸ್ತಕ ಕಣಯ್ಯ. ಎಲ್ಲಿ, ಪೆನ್ನು ಕೊಡಿ.”

ರುಜು ಬಿತ್ತು. ಅವರಿಗೆ ವಯಸ್ಸಾಯಿತು, ಬರೆದದ್ದೇ ಮರೆತುಹೋಗಿದೆ, ನಾನು ಬದುಕಿದೆ ಎಂದುಕೊಂಡು ಅವಳು ಮುಖ ತೊಳೆಯಲು ಹೋದಳು. ಅಲ್ಲಿ ಮಗಳು ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

“ಸಾರಾಂಶ ಬರೆದವರು ನೀವಂತೆ.”

“ಹೌದು ಮೇಡಂ.”

“ಮೂರನೇದು ಓದ್ಲಿಲ್ಲ, ಅಲ್ವಾ?”

ಸುಳ್ಳು ಬಾಯಿಗೆ ಬರಲಿಲ್ಲ. “ಆಗ ಓದಿರ್ಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ರು. ಆಮೇಲೆ ಓದಿದೆ. ಮೂರರಲ್ಲಿ ಅದೇ ಚೆನ್ನಾಗಿದೆ.”

ಮಗಳು ಅವಳನ್ನು ದಿಟ್ಟಿಸಿ ನೋಡಿದಳು. “ಹಾಗಾದ್ರೆ ಈ ಕಟ್ಟಡದಲ್ಲಿ ಓದಿದವರು ನೀವೊಬ್ರೇ.”

“ದಯವಿಟ್ಟು ನಿಮ್ಮ ತಂದೆಯವರಿಗೆ ಹೇಳ್ಬೇಡಿ. ಅವರಿಗೆ ಜ್ಞಾಪಕ ಬಂದ್ರೆ ನನ್ನ ಕೆಲಸ ಹೋಗುತ್ತೆ.”

ಮಗಳು ನಲ್ಲಿ ನಿಲ್ಲಿಸಿದಳು.

“ಜ್ಞಾಪಕ ಬರೋಕೆ ಓದಿರ್ಬೇಕಲ್ಲ. ನಾನು ಬರೆದ ಆ ಪುಸ್ತಕ ಅಚ್ಚಾಗಿ ಬಂದ ದಿನ ಅಪ್ಪನ ಕೈಗೆ ಕೊಟ್ಟೆ. ಅವರು ತಮ್ಮ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ಮಾತ್ರ ನೋಡಿದ್ರು.”