ಸೇತುವೆ ಸುಟ್ಟವರು ಯಾರು

"ಸೇತುವೆ ಸುಟ್ಟಿದ್ದು ನಾನಲ್ಲ ಮೇಡಂ," ಅಂದಳು ಬೆಟ್ಟದ ರಾಣಿ, ಫೋನಿನಲ್ಲಿ. "ಹಾಗಂತ ಸೇನಾಪತಿಯ ತಲೆಗೂ ಕಟ್ಟಬೇಡಿ. ಪಾಪ, ಬಾಯಿ ಜೋರು ಅಷ್ಟೇ."

ಕಥೆಗಾರ್ತಿ ಪೆನ್ನು ಕೆಳಗಿಟ್ಟಳು. ಶತ್ರುವಿನ ಪರ ವಕಾಲತ್ತು ವಹಿಸುವ ರಾಣಿಯನ್ನು ಅವಳು ಬರೆದಿರಲಿಲ್ಲ.

ಬೆಟ್ಟದ ರಾಣಿ, ಹೊಳೆಯ ಸೇನಾಪತಿ ಇಬ್ಬರೂ ಒಂದು ವಿಡಿಯೋ ಗೇಮಿನಲ್ಲಿ ಎದುರುಬದುರು ಬಣಗಳ ನಾಯಕರು. ಸಂಧಾನಕ್ಕೆ ಮುಂಚೆ ಎರಡು ಸೀಮೆಗಳ ನಡುವಿನ ಸೇತುವೆ ಸುಟ್ಟು ಬೂದಿಯಾಗಿ, ಮೊದಲ ಭಾಗ ಅಲ್ಲಿಗೆ ಮುಗಿದಿತ್ತು. ಸುಟ್ಟವರು ಯಾರೆಂದು ಆಟಗಾರರೆಲ್ಲ ಎರಡು ಪಾಲಾಗಿ ಕಚ್ಚಾಡುತ್ತಿದ್ದರು. ಎರಡನೆಯ ಭಾಗದಲ್ಲಿ ತೀರ್ಪು. ಅಪರಾಧಿ ಗಲ್ಲಿಗೆ. ಗಲ್ಲಿಗೇರಿದ ಪಾತ್ರಕ್ಕೆ ಮಾತಿಲ್ಲ. ಮಾತಿಲ್ಲವೆಂದ ಮೇಲೆ ಅದಕ್ಕೆ ದನಿ ಕೊಡುವವರಿಗೆ ಕೆಲಸವೂ ಇಲ್ಲ.

"ಸೋಮವಾರದೊಳಗೆ ನನಗೊಂದು ತಲೆ ಬೇಕು. ಯಾರದಾದ್ರೂ ಸರಿ," ಅಂದಿದ್ದರು ಕಂಪನಿಯ ಯಜಮಾನರು.

"ನಿಮ್ಮದಾದ್ರೆ ಆಗುತ್ತಾ ಸಾರ್?" ಅಂದಿದ್ದಳು ಕಥೆಗಾರ್ತಿ.

ದನಿ ಕೊಡುವ ಕಲಾವಿದರನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅವರವರ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದು, ಫೋನಿನಲ್ಲೂ ಪಾತ್ರದ ಹೆಸರಿನಲ್ಲೇ ಮಾತಾಡುವುದು ಅಲ್ಲಿಯ ರೂಢಿ.

ರಾಣಿ ಫೋನಿಟ್ಟ ಸ್ವಲ್ಪ ಹೊತ್ತಿಗೆ ಸೇನಾಪತಿಯ ಫೋನು. ಗುಡುಗಿನಂಥ ದನಿ. "ರಾಣಿಯನ್ನ ಗಲ್ಲಿಗೆ ಹಾಕಬೇಡಿ ತಾಯಿ. ಆ ಹೆಂಗಸಿನ ಕಷ್ಟ ನನಗೆ ಗೊತ್ತು. ಮನೆ ನಡೆಯೋದೇ ಇದರಿಂದ."

"ಹಾಗಾದ್ರೆ ನಿಮ್ಮನ್ನ ಹಾಕಲಾ?"

"ಅಯ್ಯೋ, ಅದೂ ಬೇಡ." ಜೊತೆಗೊಂದು ಸೀನು.

ರಾಣಿಯೂ ಆಗಷ್ಟೇ ಸೀನಿದ್ದಳು. ಅವಳ ಹಿಂದೆ ಬೊಗಳುತ್ತಿದ್ದ ಗಂಟಲು ಕಟ್ಟಿದ ನಾಯಿ ಈಗ ಇವನ ಹಿಂದೆಯೂ ಬೊಗಳುತ್ತಿತ್ತು. ಕಥೆಗಾರ್ತಿಯ ಕಿವಿ ನಿಮಿರಿತು.

"ರಾಣಿಯವರಿಗೂ ನೆಗಡಿ ಅಲ್ವಾ?"

"ಗಾಳಿ ಸರಿಯಿಲ್ಲ ತಾಯಿ," ಅಂದು ಸೇನಾಪತಿ ಫೋನು ಕಟ್ ಮಾಡಿದ.

ಇಬ್ಬರು ತಂಗಿಯರ ಮದುವೆಯನ್ನು ಮುಂದೆ ನಿಂತು ಮಾಡಿಸಿದವಳಿಗೆ ಇಷ್ಟೂ ತಿಳಿಯದೆ? ಎರಡು ದನಿ, ಒಂದೇ ಸೂರು. ಅವಳು ಮೊದಲ ಭಾಗದ ಜಗಳಗಳನ್ನು ಮತ್ತೆ ಕೇಳಿದಳು. ಒಬ್ಬರ ಮಾತಿನ ಮೇಲೆ ಒಬ್ಬರು ಒಮ್ಮೆಯೂ ಬಿದ್ದಿರಲಿಲ್ಲ. ಹೊಸದಾಗಿ ಪ್ರೀತಿಗೆ ಬಿದ್ದವರೇ ಇರಬೇಕು. ಮದುವೆಯಾದವರಿಗೆ ಅಷ್ಟು ತಾಳ್ಮೆ ಎಲ್ಲಿ? ಅಂಥ ಜೋಡಿಯಲ್ಲಿ ಒಬ್ಬರ ಅನ್ನ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ತೀರ್ಪು ಒಂದೇ ಉಸಿರಿಗೆ ಬರೆದಳು. ಸೇನಾಪತಿಯ ಸೈನ್ಯ ದಾಟಿ ಬಂದೀತೆಂದು ರಾಣಿ, ರಾಣಿಯ ಸೈನ್ಯ ದಾಟಿ ಬಂದೀತೆಂದು ಸೇನಾಪತಿ, ತಮ್ಮ ತಮ್ಮ ತುದಿಗೆ ಬೆಂಕಿ ಇಟ್ಟಿದ್ದರು. ಇಬ್ಬರೂ ತಪ್ಪಿತಸ್ಥರು. ಇಬ್ಬರನ್ನೂ ಗಲ್ಲಿಗೇರಿಸಿದರೆ ಆಟವೇ ಮುಗಿಯಿತು. ಆದ್ದರಿಂದ ಶಿಕ್ಷೆ: ಇಬ್ಬರೂ ಮದುವೆಯಾಗಿ, ಒಟ್ಟಿಗೆ ಕಲ್ಲು ಹೊತ್ತು ಸೇತುವೆ ಕಟ್ಟಬೇಕು.

"ಗಲ್ಲೇ ವಾಸಿಯಿತ್ತು," ಅಂದ ಯಜಮಾನರು ಹೊಟ್ಟೆ ಹಿಡಿದು ನಕ್ಕು ಒಪ್ಪಿದರು. ಅವರದೊಂದೇ ಷರತ್ತು: ಮದುವೆಯ ದೃಶ್ಯವನ್ನು ಕಚೇರಿಯಲ್ಲೇ ರೆಕಾರ್ಡ್ ಮಾಡಬೇಕು, ಇಬ್ಬರನ್ನೂ ಕೂರಿಸಿಕೊಂಡು.

ಕಥೆಗಾರ್ತಿ ಷರತ್ತು ತಿಳಿಸಿದಾಗ ರಾಣಿ ಕೇಳಿದಳು: "ಇಬ್ಬರೂ ಬರಲೇಬೇಕಾ ಮೇಡಂ?"

"ಒಬ್ಬರೇ ಮದುವೆಯಾಗೋಕೆ ಆಗುತ್ತೇನ್ರೀ?"

ಸೋಮವಾರ ಎರಡು ಕುರ್ಚಿ, ಎರಡು ಮೈಕು ಸಿದ್ಧವಾದವು. ರಾಣಿ ಬಂದಳು. ಅರ್ಧ ನರೆತ ಕೂದಲು, ಹೆಗಲಿಗೆ ಬಟ್ಟೆಯ ಚೀಲ, ಮುಖದ ಮೇಲೆ ಪರೀಕ್ಷೆಗೆ ಕೂತವರ ಬೆವರು. ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು. ಯಜಮಾನರು ಗಡಿಯಾರ ನೋಡಿದರು, ಬಾಗಿಲು ನೋಡಿದರು.

ಕಥೆಗಾರ್ತಿ ಅವಳತ್ತ ಬಗ್ಗಿ ಮೆಲ್ಲಗೆ ಹೇಳಿದಳು: "ಅವರನ್ನ ಹೊರಗೆ ನಿಲ್ಲಿಸಿ ಬಂದಿದೀರಾ? ಕರೀರಿ. ನಾಚಿಕೆ ಯಾಕೆ? ನನಗೆ ಎಲ್ಲಾ ಗೊತ್ತು. ನಿಮ್ಮಿಬ್ಬರ ಕೆಲಸವೂ ಉಳೀತು."

"ಎರಡೂ ಉಳೀತಾ? ನಿಜವಾಗ್ಲೂ?"

"ನಿಜವಾಗ್ಲೂ."

ಹೆಂಗಸು ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಳು. ಹೊರಟದ್ದು ಗುಡುಗು.

"ಹಾಗಾದ್ರೆ ಶುರು ಮಾಡೋಣ ತಾಯಿ. ಮದುಮಗ ಬಂದು ಆಗಲೇ ಕೂತಿದಾನೆ."