ಮೂಲೆಯ ತೊಲೆ

ಸಾಗವಾನಿ ಕೊಯ್ದ ಪುಡಿಯ ವಾಸನೆ ಬಂದರೆ ಇಂದಿಗೂ ನನ್ನ ಬಾಯಿ ಕಹಿಯಾಗುತ್ತದೆ.

ಬಡಗಿಯಾದ ಅಪ್ಪ ಯರಗಟ್ಟಿಯಲ್ಲಿ ಹಂಚಿನ ಮನೆಯೊಂದಕ್ಕೆ ಮಾಡು ಕಟ್ಟುತ್ತಿದ್ದ. ಎರಡು ಇಳಿಜಾರು ಕೂಡುವ ಮೂಲೆಯನ್ನು ಅವ್ವ ನೆಲದ ಮೇಲೆ ದಾರ ಹಿಡಿದು ಅಳೆದಳು.

"ಮೂಲಿ ತೊಲಿ ಓರೆ ಹೋಗತೈತಿ. ಉಳಿದವಕ್ಕಿಂತ ಉದ್ದ ಬೇಕ್ರಿ."

"ರಂಗೋಲಿ ಹಾಕೋಕಿ ನನಗ ಬಡಿಗತನ ಕಲಸ್ತೀಯೇನ?"

ಅಪ್ಪ ಮರದ ತುದಿಯನ್ನು ಅವ್ವನಿಂದಲೇ ಹಿಡಿಸಿಕೊಂಡು ಎಲ್ಲ ತೊಲೆಗಳನ್ನೂ ಒಂದೇ ಅಳತೆಗೆ ಕೊಯ್ದ. ಮೇಲೇರಿಸಿದಾಗ ಮೂಲೆಯದು ಗೇಣುದ್ದ ಕಡಿಮೆ ಬಿತ್ತು.

"ಅಳತಿ ಯಾರ ತಗದಾರ?" ಮನೆಯ ಯಜಮಾನರು ಕೆಳಗಿನಿಂದಲೇ ಗದರಿದರು.

"ನನ್ನ ಹೇಣ್ತಿ ರೀ," ಎಂದ ಅಪ್ಪ.

ಅವ್ವ ತಲೆ ತಗ್ಗಿಸಿ ದಾರ ಸುತ್ತುತ್ತಿದ್ದಳು. ನಾನು ನಿಜ ಹೇಳಲು ಬಾಯಿ ತೆರೆದೆ. ಅವಳು ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದಳು. ಅಂಗೈ ತುಂಬ ಆ ಪುಡಿಯಿತ್ತು.